ಕೈಗೆ ಗೊತ್ತಿರುವುದು ಬಾಯಿಗೂ ಬರಲಿ

"ಆಕಳಿಗೆ ಜ್ವರ ಬಂದದ ಅಂತ ನಿನಗ ಹೆಂಗ ತಿಳೀತದ?"

ದನ ನೋಡಿಕೊಳ್ಳುವ ಕೆಲಸದ ಸಂದರ್ಶನದಲ್ಲಿ ಮೊದಲು ಬರುವ ಪ್ರಶ್ನೆ ಹೆಚ್ಚಾಗಿ ಇಂಥದ್ದೇ. ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗರ ಉತ್ತರವೂ ಹೆಚ್ಚುಕಡಿಮೆ ಒಂದೇ: "ನೋಡಿದ್ರ ಗೊತ್ತಾಗ್ತದ್ರಿ." ಆ ಮಾತು ಸುಳ್ಳಲ್ಲ. ನಸುಕಿನಲ್ಲಿ ಎದ್ದು ಕಣಿಕಿ ಹಾಕಿ, ಸಗಣಿ ಬಳಿದು, ಹಾಲು ಹಿಂಡಿ ಶಾಲೆಗೆ ಹೋದವನಿಗೆ ದನದ ನಿಲುವು ನೋಡಿದರೇ ಅದರ ಸಂಕಟ ತಿಳಿಯುತ್ತದೆ. ಆದರೆ ಎದುರು ಕುಳಿತವರಿಗೆ ಅವನ ಕಣ್ಣು ಏನು ಕಂಡಿತು ಎಂಬುದು ಬೇಕು. "ನೋಡಿದ್ರ ಗೊತ್ತಾಗ್ತದ" ಎಂದವನೂ, ದನದ ಹತ್ತಿರವೇ ಹೋಗದವನೂ ಅವರ ಕಾಗದದಲ್ಲಿ ಒಂದೇ ಸಾಲಿನಲ್ಲಿ ಬೀಳುತ್ತಾರೆ. ನಮ್ಮ ಹುಡುಗ ಹುಡುಗಿಯರು ಕೆಲಸ ಕಳೆದುಕೊಳ್ಳುವುದು ಇಲ್ಲೇ, ಅದೂ ತಿಳಿದ ವಿಷಯದಲ್ಲೇ. ಇದು ನನಗೆ ತೀರ ಬೇಸರದ ಸಂಗತಿ.

ಅದೇ ಉತ್ತರವನ್ನು ಬಿಡಿಸಿ ಹೇಳಿದರೆ ಹೀಗಿರುತ್ತದೆ. ಮೇವು ಬಿಟ್ಟಿದೆಯೇ, ಮೆಲುಕು ಹಾಕುತ್ತಿದೆಯೇ ಎಂದು ಮೊದಲು ನೋಡುತ್ತೇನೆ. ಮೂತಿಯ ತುದಿ ಒದ್ದೆ ಇರಬೇಕು, ಒಣಗಿದ್ದರೆ ಅನುಮಾನ. ಕಿವಿಯ ಬುಡ ಮುಟ್ಟುತ್ತೇನೆ. ನಿನ್ನೆಗಿಂತ ಹಾಲು ಎಷ್ಟು ಇಳಿದಿದೆ ಎಂದು ಕೇಳುತ್ತೇನೆ. ಆಮೇಲೆ ಥರ್ಮಾಮೀಟರನ್ನು ಗುದದ್ವಾರದಲ್ಲಿ ಒಳಗೋಡೆಗೆ ತಾಗುವಂತೆ ಎರಡು ನಿಮಿಷ ಇಟ್ಟು ನೋಡುತ್ತೇನೆ. ಆರೋಗ್ಯವಾಗಿರುವ ಆಕಳಿಗೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, 103 ದಾಟಿದರೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಎಡಗಡೆ ಪಕ್ಕೆಯ ಹಿಂದಿನ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿದರೆ ದೊಡ್ಡ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಉಬ್ಬಿ ಇಳಿಯಬೇಕು, ಅದು ನಿಂತಿದೆಯೇ ಎಂದೂ ನೋಡುತ್ತೇನೆ. ಇಷ್ಟು ಹೇಳಲು ಒಂದೂವರೆ ನಿಮಿಷ ಸಾಕು. ಇದರಲ್ಲಿ ಮುಕ್ಕಾಲು ಭಾಗ ನಮ್ಮ ಮಕ್ಕಳಿಗೆ ಗೊತ್ತಿರುವುದೇ. ಹೊಸದಾಗಿ ಸೇರಬೇಕಾದದ್ದು ಒಂದೆರಡು ಅಂಕಿ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ, ಜೋರಾಗಿ ಹೇಳಿ ಹೇಳಿ ಬರುವ ರೂಢಿ.

ಈ ಕೆಲಸಗಳು ಎಲ್ಲಿವೆ ಎಂಬುದನ್ನೂ ಹೇಳಬೇಕು. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ತನ್ನ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ರಾಜ್ಯದಲ್ಲೂ ಇಂಥ ಹುದ್ದೆಗಳಿಗೆ ಹೆಚ್ಚಾಗಿ ಪರೀಕ್ಷೆಯೋ ಅಂಕಪಟ್ಟಿಯೋ ತೀರ್ಮಾನಿಸುತ್ತದೆ. ಮುಖಾಮುಖಿ ಮಾತುಕತೆ ಉಳಿದಿರುವುದು ಬೇರೆ ಕಡೆ. ಸಂಜೀವಿನಿ ಯೋಜನೆಯ ಸ್ವಸಹಾಯ ಸಂಘಗಳಿಂದ ಆರಿಸುವ ಪಶು ಸಖಿಯರು, 1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನದ ಸಿಬ್ಬಂದಿ, ಹಾಲಿನ ಸಂಘಗಳ ಕೃತಕ ಗರ್ಭಧಾರಣೆ ಕಾರ್ಯಕರ್ತರು, ಖಾಸಗಿ ಹೈನು ಮತ್ತು ಕೋಳಿ ಫಾರ್ಮ್‌ಗಳು, ಪುಣೆ, ಹೈದರಾಬಾದ್, ಬೆಂಗಳೂರಿನ ಸಾಕುಪ್ರಾಣಿ ಚಿಕಿತ್ಸಾಲಯಗಳು. 1962ರ ವಾಹನಗಳಿಗೆ ಕೇಂದ್ರದ ಲೆಕ್ಕ ಒಂದು ಲಕ್ಷ ಜಾನುವಾರಿಗೆ ಒಂದು. ಅದರಲ್ಲಿ ಒಬ್ಬ ವೈದ್ಯರು, ಒಬ್ಬ ಸಹಾಯಕ, ಒಬ್ಬ ಚಾಲಕ. ಆ ಚಾಲಕನೂ ದನ ಹಿಡಿಯಬೇಕಾಗುತ್ತದೆ, ಹಾಗಾಗಿ ಸ್ಟೇರಿಂಗ್ ತಿರುಗಿಸುವುದಷ್ಟೇ ತನ್ನ ಕೆಲಸ ಎಂದುಕೊಂಡು ಹೋದವನಿಗೆ ಕೆಲಸ ಸಿಗುವುದು ಕಷ್ಟ.

ಸಿದ್ಧತೆ ಎಂದ ಕೂಡಲೇ ಬೆಂಗಳೂರಿನಲ್ಲಿ ಅಚ್ಚಾದ ಪ್ರಶ್ನೋತ್ತರ ಪುಸ್ತಕ ಹುಡುಕುವವರಿದ್ದಾರೆ. ನನ್ನ ಮಾತು ಬೇರೆ: ಮೊದಲು ನಿಮ್ಮ ತಾಲ್ಲೂಕನ್ನು ಓದಿ. ಇಲ್ಲಿ ದನ ಯಾವುದರಿಂದ ಬೀಳುತ್ತದೆ, ಯಾವ ತಿಂಗಳು ಬೀಳುತ್ತದೆ ಎಂದು ತಿಳಿದವನನ್ನು ಯಾವ ಆಯ್ಕೆ ಸಮಿತಿಯೂ ಹಗುರವಾಗಿ ಕಾಣುವುದಿಲ್ಲ.

ನಮ್ಮದು ಜೋಳದ ನಾಡು. ಮನುಷ್ಯನಿಗೆ ರೊಟ್ಟಿ, ದನಕ್ಕೆ ಕಣಿಕಿ. ಅದೇ ಜೋಳ ಎಳೆಯದಿದ್ದಾಗ ವಿಷ. ಮೊಣಕಾಲೆತ್ತರಕ್ಕಿಂತ ಗಿಡ್ಡ ಇರುವ ಪೈರು, ಮಳೆ ಕೈಕೊಟ್ಟು ಬಾಡಿದ ಪೈರು, ಕೊಯ್ಲಾದ ಮೇಲೆ ಬುಡದಿಂದ ಚಿಗುರುವ ಕೂಳೆ, ಈ ಮೂರರಲ್ಲೂ ಸೈನೈಡ್ ಹುಟ್ಟಿಸುವ ಅಂಶ ಹೆಚ್ಚಿರುತ್ತದೆ. ಹಸಿದ ಆಕಳು ಹಗ್ಗ ಹರಿದುಕೊಂಡು ಹೋಗಿ ಹೊಟ್ಟೆತುಂಬ ಮೇದರೆ ಕೆಲವೇ ನಿಮಿಷಗಳಲ್ಲಿ ಏದುಸಿರು, ನಡುಕ, ಬಾಯಲ್ಲಿ ನೊರೆ, ನೆಲಕ್ಕೆ ಬೀಳುವುದು. ರಕ್ತ ಕೆಂಪಗೆ ಹೊಳೆಯುತ್ತಿರುತ್ತದೆ, ಯಾಕೆಂದರೆ ಅದರಲ್ಲಿ ಆಮ್ಲಜನಕ ಇದ್ದರೂ ಮೈಯ ಜೀವಕೋಶಗಳಿಗೆ ಅದನ್ನು ಬಳಸಿಕೊಳ್ಳಲು ಸೈನೈಡ್ ಬಿಡುವುದಿಲ್ಲ. ಇದಕ್ಕೆ ಮದ್ದುಂಟು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎಂಬ ಎರಡು ಔಷಧಗಳನ್ನು ವೈದ್ಯರು ರಕ್ತನಾಳಕ್ಕೆ ಕೊಡುತ್ತಾರೆ. ಸಮಯ ಮಾತ್ರ ಬಹಳ ಕಡಿಮೆ.

"ಕೂಳಿ ಚಿಗುರ ತಿಂದು ಆಕಳ ಬಿದ್ದದ. ಏನ ಮಾಡ್ತಿ?" ಎಂದು ಕೇಳಿದರೆ ಔಷಧದ ಹೆಸರು ಒದರಿ ಸುಮ್ಮನಾಗಬೇಡಿ. ಉಳಿದ ದನಗಳನ್ನು ಮೊದಲು ಹೊಲದಿಂದ ಹೊರಗೆ ಹೊಡೆಯುತ್ತೇನೆ, ಫೋನ್ ಮಾಡುವಾಗಲೇ "ಎಳೆ ಜೋಳ ತಿಂದದ" ಎಂದು ಸ್ಪಷ್ಟ ಹೇಳುತ್ತೇನೆ, ಆಗ ಡಾಕ್ಟರ್ ಸರಿಯಾದ ಔಷಧ ಹಿಡಿದುಕೊಂಡೇ ಹೊರಡುತ್ತಾರೆ, ಅವರು ಬರುವ ತನಕ ಬಿದ್ದ ದನವನ್ನು ಎಬ್ಬಿಸಿ ಓಡಿಸುವುದಿಲ್ಲ. ಫೋನಿನಲ್ಲಿ ಹೇಳುವ ಆ ಒಂದು ಮಾತಿನಿಂದ ದನ ಉಳಿಯಬಹುದು. ಕೇಳುವವರು ಕಾಯುತ್ತಿರುವುದೂ ಆ ಮಾತಿಗೇ.

ಇನ್ನು ಭೀಮಾ ದಂಡೆ. ಅಫಜಲಪುರ, ಜೇವರ್ಗಿಯ ನದಿ ಪಕ್ಕದ ಹಳ್ಳಿಗಳಿಗೆ 2020ರ ಅಕ್ಟೋಬರ್ ಮರೆಯುವಂಥದ್ದಲ್ಲ. ಮಹಾರಾಷ್ಟ್ರದ ಉಜನಿ ಮೊದಲಾದ ಜಲಾಶಯಗಳಿಂದ ನೀರು ಬಿಟ್ಟಾಗ ಮನೆಗಳ ಜೊತೆ ಕೊಟ್ಟಿಗೆಗಳೂ ಮುಳುಗಿದವು. ನೆರೆ ಬರುತ್ತಿದೆ ಎಂದರೆ ಮೊದಲ ಕೆಲಸ ಕಣ್ಣಿ ಬಿಚ್ಚುವುದು. ಕಟ್ಟಿದ ದನ ಈಜಲಾರದು. ಎರಡನೆಯದು ಒಣಮೇವನ್ನು ಎತ್ತರಕ್ಕೆ ಸಾಗಿಸುವುದು. ತೊಯ್ದು ಬೂಷ್ಟು ಹಿಡಿದ ಕಣಿಕಿ ತಿನ್ನಿಸಿದರೆ ಆ ಬೂಷ್ಟಿನ ವಿಷ ಯಕೃತ್ತಿಗೆ ಹೋಗುತ್ತದೆ. ನೀರು ಇಳಿದ ಮೇಲೆ ಗಳಲೆ, ಚಪ್ಪೆ ರೋಗಗಳ ಭಯ. ಅದಕ್ಕೇ ಈ ಎರಡರ ಲಸಿಕೆ ಮಳೆಗಾಲಕ್ಕೆ ಮೊದಲೇ ಆಗಬೇಕು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ಹೊತ್ತಿಗೆ ಲಸಿಕೆ ಮುಗಿದಿರಬೇಕು ಎಂದು ಉತ್ತರ ಕೊಟ್ಟರೆ ಯಾವ ರೈತನಿಗೂ ಆ ದಿನ ಮರೆಯದು, ಕೇಳಿದ ಅಧಿಕಾರಿಗೂ ಈ ಮನುಷ್ಯ ಊರಿನವನು ಎಂದು ತಿಳಿಯುತ್ತದೆ. ಕುರಿ, ಆಡು ಇರುವವರಿಗೆ ಕರುಳು ಬೇನೆಯ ಲಸಿಕೆಯೂ ಮುಂಗಾರಿನ ಹೊಸ ಹುಲ್ಲು ಮೇಯುವ ಮೊದಲೇ.

ಕಬ್ಬಿನ ಹಂಗಾಮಿನಲ್ಲಿ ಅಫಜಲಪುರ, ಆಳಂದದ ರಸ್ತೆಗಳಲ್ಲಿ ಎತ್ತಿನ ಗಾಡಿಗಳ ಸಾಲು ಕಾಣುತ್ತದೆ. ಹೆಗಲ ಬಾವು, ಸವೆದ ಗೊರಸು, ಬಾಯಿ ತೆರೆದು ತೇಕುವ ಎತ್ತು. ಈ ಕುರಿತು ಕಾನೂನು ಇದೆ ಎಂಬುದೇ ಬಹಳ ಜನರಿಗೆ ತಿಳಿಯದು. 1965ರ ನಿಯಮಗಳ ಪ್ರಕಾರ ಎತ್ತನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ 5 ಗಂಟೆ ಮೀರುವಂತಿಲ್ಲ, ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಕಲಬುರಗಿಯ ಮಾರ್ಚ್, ಏಪ್ರಿಲ್ ನೆನೆಸಿಕೊಂಡರೆ ಕೊನೆಯ ನಿಯಮ ಎಷ್ಟು ದಿನಗಳಿಗೆ ಅನ್ವಯಿಸುತ್ತದೆ ಎಂದು ಹೇಳಬೇಕಿಲ್ಲ. ಪ್ರಾಣಿ ಕಲ್ಯಾಣದ ಬಗ್ಗೆ ನಿನಗೇನು ಗೊತ್ತು ಎಂದು ಕೇಳಿದಾಗ "ಪ್ರಾಣಿಗಳನ್ನು ಪ್ರೀತಿಸಬೇಕು" ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಈ ಮೂರು ಅಂಕಿಗಳನ್ನು ಹೇಳುವವರು ಅಪರೂಪ.

ಈಗ ಸ್ವಲ್ಪ ಕಷ್ಟದ ಮಾತು. ಮನೆಯಲ್ಲಿ ಕಲಿತದ್ದೆಲ್ಲ ಸರಿಯಲ್ಲ. ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಇದನ್ನು ಹೇಳುತ್ತಿದ್ದೇನೆ. ಕರು ಹುಟ್ಟಿದ ಮೇಲೆ ಕಸ, ಅಂದರೆ ಮಾಸು, ಬೀಳುವ ತನಕ ಗಿಣ್ಣ ಕುಡಿಸಬಾರದು ಎಂಬ ನಂಬಿಕೆ ಇನ್ನೂ ಅನೇಕ ಮನೆಗಳಲ್ಲಿದೆ. ಕರುವಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಹುಟ್ಟುವಾಗ ಅದರ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಶಕ್ತಿ ಇಲ್ಲವೆಂದೇ ಹೇಳಬೇಕು. ಅದು ಬರುವುದು ಗಿಣ್ಣದಿಂದ. ಆ ರಕ್ಷಕ ಅಂಶಗಳನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವ ಗುಣ ಕರುವಿನ ಕರುಳಿಗೆ ಮೊದಲ ಕೆಲವು ಗಂಟೆ ಚೆನ್ನಾಗಿರುತ್ತದೆ, ಒಂದು ದಿನ ಕಳೆಯುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲ ಗಂಟೆಯೊಳಗೇ ಗಿಣ್ಣ. ಇನ್ನೊಂದು ಸಂಗತಿ: ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಸ್ರವಿಸಿ ಗರ್ಭಕೋಶ ಹಿಂಡಿಕೊಳ್ಳುತ್ತದೆ, ಕಸ ಬೀಳಲು ಅದರಿಂದಲೇ ಅನುಕೂಲ. ಕಸ ಬೀಳಲಿ ಎಂದು ಕಾಯುತ್ತಾ ಕಸ ಬೀಳಿಸುವ ದಾರಿಯನ್ನೇ ಮುಚ್ಚುತ್ತಿದ್ದೇವೆ.

ನೇತಾಡುವ ಕಸಕ್ಕೆ ಕಲ್ಲೋ ಹಳೇ ಚಪ್ಪಲಿಯೋ ಕಟ್ಟುವುದು, ಕೈ ಹಾಕಿ ಎಳೆಯುವುದು, ಇವೂ ಅಷ್ಟೇ ಅಪಾಯ. ಹನ್ನೆರಡು ಗಂಟೆ ದಾಟಿದರೂ ಬೀಳದಿದ್ದರೆ ದನದ ದವಾಖಾನೆಗೆ ತಿಳಿಸಬೇಕು. ಬರಿಗೈಯಲ್ಲಂತೂ ಮುಟ್ಟಬಾರದು. ಕಂದು ರೋಗ (ಬ್ರುಸೆಲ್ಲೋಸಿಸ್) ಇರುವ ದನದ ಕಸದಿಂದ, ಕಂದು ಹಾಕಿದ ಭ್ರೂಣದಿಂದ ಆ ಸೋಂಕು ಮನುಷ್ಯನಿಗೂ ಅಂಟಿ, ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಹೆಣ್ಣುಗರುಗಳಿಗೆ 4ರಿಂದ 8 ತಿಂಗಳ ನಡುವೆ ಒಂದೇ ಸಲ ಹಾಕುವ ಲಸಿಕೆ ಇರುವುದು ಈ ರೋಗಕ್ಕೇ. ಗೊಟ್ಟ ಎತ್ತಿ ಔಷಧ ಹೊಯ್ಯುವುದೂ ಅಪಾಯವೇ. ನಾಲಿಗೆ ಎಳೆದು, ತಲೆ ಮೇಲಕ್ಕೆತ್ತಿ ಸುರಿದರೆ ಔಷಧ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನಾಲಿಗೆ ಬಿಟ್ಟು, ಮೂತಿಯನ್ನು ಬೆನ್ನಿನ ಮಟ್ಟಕ್ಕಷ್ಟೇ ಎತ್ತಿ, ಗುಟುಕು ಗುಟುಕಾಗಿ ಹಾಕಬೇಕು, ಕೆಮ್ಮಿದರೆ ನಿಲ್ಲಿಸಬೇಕು. ಬಾವಿಗೆ ಬರೆ ಹಾಕುವುದರ ಬಗ್ಗೆ ಹೇಳುವುದಾದರೆ, ಅದರಿಂದ ಇರುವ ನೋವಿನ ಮೇಲೆ ಇನ್ನೊಂದು ನೋವು ಬರುತ್ತದೆ ಅಷ್ಟೇ.

"ನಿಮ್ಮ ಮನಿಯಾಗ ಹಿಂಗ ಮಾಡ್ತಿದ್ರು, ಹೌದಿಲ್ಲೋ?" ಎಂದು ಕೇಳಿದರೆ ಮುಚ್ಚಿಡುವ ಅಗತ್ಯವಿಲ್ಲ. ಮಾಡುತ್ತಿದ್ದರು, ಈಗ ಯಾಕೆ ಮಾಡಬಾರದು ಎಂದು ತಿಳಿದಿದೆ ಎಂದು ಕಾರಣ ಸಮೇತ ಹೇಳಿ. ನಾಳೆ ಹಳ್ಳಿಗೆ ಹೋಗಿ ಇದೇ ಮಾತನ್ನು ಅಜ್ಜನೊಬ್ಬನಿಗೆ ಅವಮಾನವಾಗದಂತೆ ಹೇಳಬಲ್ಲಿರಾ ಎಂದು ಅವರು ತೂಗುತ್ತಿರುತ್ತಾರೆ.

"ಸೂಜಿ ಹಾಕ್ಲಿಕ್ಕೆ ಬರ್ತದೇನು?" ಎಂಬ ಪ್ರಶ್ನೆ ಬಂದರೆ ಎಚ್ಚರ. ಬರುತ್ತದೆ ಎಂದು ಎದೆಯುಬ್ಬಿಸಿ ಹೇಳಿದರೆ ಅರ್ಧ ಸಂದರ್ಶನ ಅಲ್ಲಿಗೇ ಮುಗಿಯಬಹುದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ಕೊಡುವವರು ನೋಂದಾಯಿತ ಪಶುವೈದ್ಯರು. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದವರು ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಮಾಡಬಹುದು, ಅಷ್ಟೇ. ಔಷಧದ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಚುಚ್ಚಿದರೆ ಅದರ ಅಂಶ ಹಾಲಿಗೆ ಇಳಿಯುತ್ತದೆ, ಡಾಕ್ಟರ್ ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ. ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ದನಗಳಿಗೆ 2006ರಿಂದ ನಿಷೇಧ, ಯಾಕೆಂದರೆ ಆ ದನ ಸತ್ತಾಗ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ದೇಶದಲ್ಲಿ ಅವುಗಳ ಸಂತತಿಯೇ ಬರಿದಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ನನ್ನ ಕೆಲಸ ಇಲ್ಲಿಗೆ, ಇದರಾಚೆ ಡಾಕ್ಟರ ಕೆಲಸ ಎಂದು ಗೆರೆ ಎಳೆದು ಹೇಳುವವರನ್ನು ನಂಬಿ ಕೊಟ್ಟಿಗೆ ಒಪ್ಪಿಸಬಹುದು. ಫಾರ್ಮ್ ನಡೆಸುವವರು ಇದನ್ನು ನಷ್ಟ ಅನುಭವಿಸಿ ಕಲಿತಿರುತ್ತಾರೆ.

ಪಶು ಸಖಿಯ ಆಯ್ಕೆಗೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಮಾತು. ನಿಮಗೆ ಔಷಧಕ್ಕಿಂತ ಮಾತು ಮುಖ್ಯ. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ ಬರುತ್ತದೆ. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಅದು. ಜೊತೆಗೆ ಕಿವಿಗೆ 12 ಅಂಕಿಯ ಓಲೆ. ಬಾಗಿಲಲ್ಲಿ ನಿಂತ ಮನೆಯೊಡತಿ ಹೇಳುತ್ತಾಳೆ: "ಬ್ಯಾಡ ಯವ್ವಾ, ಹ್ವಾದ ಸಲ ಸೂಜಿ ಹಾಕಿದಮ್ಯಾಲ ಎಮ್ಮಿ ಹಾಲ ಬಿಡ್ತು." ಆಗ ಏನು ಹೇಳುತ್ತೀರಿ? ಆಯ್ಕೆಯಲ್ಲಿ ಇದನ್ನೇ ನಟಿಸಿ ತೋರಿಸಲು ಹೇಳಬಹುದು. "ಖರೇ ಅದ ಯಕ್ಕಾ, ಎರಡು ದಿನ ಹಾಲ ಕಡಿಮಿ ಆಗ್ತದ, ಆಮ್ಯಾಲ ಮೊದಲಿನ್ಹಂಗ ಬರ್ತದ. ಬೇನಿ ಬಂದ್ರ ತಿಂಗಳಗಟ್ಲೆ ಹಾಲಿಲ್ಲ, ಕರಾನೂ ಉಳಿಯೂದಿಲ್ಲ." ಮೊದಲ ಮಾತು "ಖರೇ ಅದ" ಎಂದೇ ಇರಬೇಕು. ಅವಳು ಕಂಡದ್ದನ್ನು ಸುಳ್ಳು ಎಂದರೆ ಮುಂದಿನ ಮಾತು ಅವಳ ಕಿವಿಗೆ ಬೀಳುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಮನೆಮನೆಯಲ್ಲಿ ಎದ್ದದ್ದು ಹಾಲು ಕುಡಿದರೆ ನಮಗೂ ಬರುತ್ತದೆಯೇ ಎಂಬ ಭಯ. ಅದು ಮನುಷ್ಯರಿಗೆ ಬರುವ ರೋಗವಲ್ಲ, ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ದನದಿಂದ ದನಕ್ಕೆ ಹರಡುತ್ತದೆ, ಹಾಲು ಕಾಯಿಸಿ ಕುಡಿಯಿರಿ. ಇಷ್ಟನ್ನು ನಾಲ್ಕು ಮಾತಿನಲ್ಲಿ ಹೇಳಲು ಬಂದರೆ ಸಾಕು.

ಆಳಂದ, ಅಫಜಲಪುರದ ಗಡಿಯ ಊರುಗಳಲ್ಲಿ ಮರಾಠಿ ಬಲ್ಲವರು, ಮನೆಯಲ್ಲಿ ದಖನಿ ಉರ್ದು ಆಡುವವರು, ತಾಂಡಾಗಳಲ್ಲಿ ಲಂಬಾಣಿ ಮಾತಾಡುವವರು ಆ ವಿಷಯ ಅರ್ಜಿಯಲ್ಲೇ ಬರೆಯಬೇಕು. ಇದನ್ನು ಯೋಗ್ಯತೆ ಎಂದು ನಮ್ಮವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ದನದ ಮಾಲೀಕನ ಮಾತಿನಲ್ಲೇ ದನದ ಕಥೆ ಕೇಳಿಕೊಳ್ಳಬಲ್ಲವರು ಪಶು ಸೇವೆಯಲ್ಲಿ ಎಲ್ಲ ಕಡೆ ಬೇಕಾದವರು.

ಹೈನು ಫಾರ್ಮಿನಲ್ಲಿ ಬಾಯಿಮಾತು ಮುಗಿದ ಮೇಲೆ ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ನಮ್ಮವರು ಗೆಲ್ಲುತ್ತಾರೆ, ಕೆಲವು ಹಳೆಯ ರೂಢಿ ಬಿಟ್ಟರೆ. ದನದ ಹಿಂದಿನಿಂದ ಸದ್ದಿಲ್ಲದೆ ಹೋಗಬೇಡಿ. ಅದಕ್ಕೆ ಕಾಣುವಂತೆ ಪಕ್ಕದಿಂದ, ಮಾತಾಡಿಸುತ್ತಾ, ಮೈಮೇಲೆ ಕೈ ಇಟ್ಟುಕೊಂಡೇ ಸಾಗಿ. ಹೆಬ್ಬೆರಳು ಮಡಚಿ ಹಿಂಡುವುದು ನಮ್ಮಲ್ಲಿ ಬಹಳ. ಅದರಿಂದ ಮೊಲೆತೊಟ್ಟಿನ ಒಳಪದರ ಗಾಯವಾಗುತ್ತದೆ. ಅಂಗೈ ತುಂಬ ಹಿಡಿದು ಮೇಲಿನ ಬೆರಳಿನಿಂದ ಕೆಳಗಿನವರೆಗೆ ಒಂದೊಂದಾಗಿ ಒತ್ತಬೇಕು. ಮೊದಲ ಎರಡು ಮೂರು ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ಚೂರು, ಗೆಡ್ಡೆ ಇದೆಯೇ ನೋಡುವುದು, ಮುಗಿದ ಮೇಲೆ ತೊಟ್ಟನ್ನು ಔಷಧದ ದ್ರಾವಣದಲ್ಲಿ ಅದ್ದುವುದು, ಅರ್ಧ ಗಂಟೆ ಆಕಳು ಮಲಗದಂತೆ ಮುಂದೆ ಮೇವು ಹಾಕುವುದು. ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು, ಅಷ್ಟರಲ್ಲಿ ಸಗಣಿಯ ಮೇಲೆ ಮಲಗಿದರೆ ಕೆಚ್ಚಲು ಬಾವಿಗೆ ಬಾಗಿಲು ತೆರೆದ ಹಾಗೆ. ಉಗುರು ಕತ್ತರಿಸಿಕೊಂಡು ಹೋಗಿ, ಬೂಟು ಹಾಕಿಕೊಂಡು ಹೋಗಿ. ಹೊಸ ಬಿಳಿ ಅಂಗಿಯ ಅಗತ್ಯವಿಲ್ಲ.

ಕೃತಕ ಗರ್ಭಧಾರಣೆಯ ಕೆಲಸಕ್ಕೆ ಹೋಗುವವರು ನಾಲ್ಕು ಅಂಕಿ ಬಾಯಿಪಾಠ ಮಾಡಲೇಬೇಕು: ಬೆದೆ 21 ದಿನಕ್ಕೊಮ್ಮೆ, ಆಕಳ ಗರ್ಭ ಸುಮಾರು 280 ದಿನ, ಎಮ್ಮೆಯದು 310ರ ಆಸುಪಾಸು, ವೀರ್ಯದ ಕಡ್ಡಿ ಇರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಎಮ್ಮೆಯ ಬೆದೆ ಸದ್ದಿಲ್ಲದೆ ಬಂದುಹೋಗುತ್ತದೆ, ಅದನ್ನು ರಾತ್ರಿ ಅಥವಾ ನಸುಕಿನಲ್ಲಿ ಗಮನಿಸಬೇಕು ಎಂದು ಸೇರಿಸಿದರೆ ಅನುಭವ ತಾನಾಗಿ ಕಾಣುತ್ತದೆ. ನಗರದ ನಾಯಿ, ಬೆಕ್ಕಿನ ಚಿಕಿತ್ಸಾಲಯಗಳಿಗೆ ಹೋಗುವವರಿಗೆ ಬೇಕಾದದ್ದು ಕಚ್ಚಿಸಿಕೊಳ್ಳದೆ ಹಿಡಿಯುವ ವಿದ್ಯೆ, ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕೆಂಬ ಅರಿವು.

ಕಾಗದಪತ್ರದಲ್ಲಿ ಒಂದನ್ನಷ್ಟೇ ನೆನಪಿಸುತ್ತೇನೆ. ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವವರು ನಮ್ಮ ಭಾಗದವರ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ, ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ದಾಟುತ್ತದೆ. ಕಲಿಯಲು ದೂರ ಹೋಗಬೇಕಿಲ್ಲ. ಕಲಬುರಗಿಯ ಆಳಂದ ರಸ್ತೆಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಜೇವರ್ಗಿ ತಾಲ್ಲೂಕಿನ ರದ್ದೇವಾಡಗಿಯಲ್ಲಿ ಇನ್ನೊಂದು, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಇವುಗಳಿಗಿಂತ ಹತ್ತಿರ ನಿಮ್ಮೂರಿನ ಪಶು ಚಿಕಿತ್ಸಾಲಯ. ಅಲ್ಲಿನ ಡಾಕ್ಟರ ಒಪ್ಪಿಗೆ ಪಡೆದು ಕೆಲವು ವಾರ ಬೆಳಗಿನ ಹೊತ್ತು ದನ ಹಿಡಿಯಲು ನಿಂತರೆ, ಪುಸ್ತಕದಲ್ಲಿ ಓದಿದ ಪ್ರತಿ ರೋಗಕ್ಕೂ ಒಂದು ದನದ ಮುಖ ಸಿಗುತ್ತದೆ.

ಕೊನೆಗೆ ಅವರು "ನೀನೇನರ ಕೇಳೂದದ ಏನು?" ಎನ್ನುತ್ತಾರೆ. ತೊಂಬತ್ತು ಪಾಲು ಜನ "ಇಲ್ರಿ" ಎಂದು ಎದ್ದುಬಿಡುತ್ತಾರೆ, ಕೇಳಿದರೆ ಸೊಕ್ಕು ಎಂದುಕೊಂಡಾರು ಎಂಬ ಅಂಜಿಕೆ. ದಯವಿಟ್ಟು ಕೇಳಿ. ಪಗಾರ ಎಷ್ಟು, ಯಾವ ತಾರೀಖಿಗೆ ಕೈಗೆ ಬರುತ್ತದೆ? ವಾರದ ರಜೆ ಇದೆಯೇ? ಭವಿಷ್ಯನಿಧಿ, ಇಎಸ್‌ಐ ಕಟ್ಟುತ್ತೀರಾ? ದನ ಒದ್ದು ಕಾಲು ಮುರಿದರೆ ಆಸ್ಪತ್ರೆಯ ಖರ್ಚು ಯಾರದ್ದು? ಹೆರಿಗೆ ಮಾಡಿಸುವಾಗ ಹಾಕಿಕೊಳ್ಳಲು ಭುಜದವರೆಗಿನ ಕೈಗವಸು ಕೊಡುತ್ತೀರಾ? ಫಾರ್ಮಿನ ದನಗಳಿಗೆ ಕಂದು ರೋಗದ ಪರೀಕ್ಷೆ ಆಗಿದೆಯೇ? ನಾಯಿ, ಬೆಕ್ಕು ಹಿಡಿಯುವ ಕೆಲಸವಾದರೆ ರೇಬೀಸ್ ಮುಂಜಾಗ್ರತಾ ಲಸಿಕೆಯನ್ನು ಕೆಲಸಕ್ಕೆ ಸೇರುವ ಮೊದಲೇ ಹಾಕಿಸುತ್ತೀರಾ? ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ, ಕಂದು ರೋಗ ಅಂಟಿದರೆ ದುಡಿಯುವ ಮೈ ಕೂತುಬಿಡುತ್ತದೆ. ಈ ಪ್ರಶ್ನೆಗಳಿಗೆ ಸಿಡಿಮಿಡಿಗೊಳ್ಳುವ ಮಾಲೀಕನ ಹತ್ತಿರ, ಪಗಾರ ಸಾವಿರ ರೂಪಾಯಿ ಹೆಚ್ಚಿದ್ದರೂ, ಹೋಗಬೇಡಿ ಎಂದೇ ನಾನು ಹೇಳುತ್ತೇನೆ.